ಗೇಣುದ್ದ ಹಿಂದಕ್ಕೆ

ನಮ್ಮ ಊರಿಗೆ ಇರುವುದು ಒಂದೇ ಸಿಗ್ನಲ್. ಅದನ್ನು ಸಮತಟ್ಟಾದ ಜಾಗದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. ಪುರಸಭೆಯ ಸದಸ್ಯರು ಎರಡು ಸಲ ಪರ ಊರುಗಳಿಗೆ ಅಧ್ಯಯನ ಪ್ರವಾಸ ಹೋಗಿ, ಅಲ್ಲಿನ ಸಿಗ್ನಲ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದು, ಬಹಳ ಚರ್ಚೆ ಮಾಡಿ, ಕೊನೆಗೆ ಅದನ್ನು ಏರುರಸ್ತೆಯ ನಟ್ಟನಡುವೆ, ರಸ್ತೆ ಎಲ್ಲಕ್ಕಿಂತ ಕಡಿದಾಗಿರುವ ಕಡೆ ನೆಟ್ಟರು. ಕೆಳಪೇಟೆಯಲ್ಲಿ ಮನೆಗಳು, ಮೇಲ್ಪೇಟೆಯಲ್ಲಿ ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ. ನಡುವೆ ಇದೊಂದೇ ರಸ್ತೆ. ಹಾಗಾಗಿ ಊರಿನ ಹೆಚ್ಚಿನವರೆಲ್ಲ ದಿನಕ್ಕೊಮ್ಮೆಯಾದರೂ ಆ ಕೆಂಪು ದೀಪದ ಮುಂದೆ, ಮೂಗು ಆಕಾಶಕ್ಕೆ ಮಾಡಿದ ಗಾಡಿಯೊಳಗೆ, ಬ್ರೇಕ್ ಒತ್ತಿಕೊಂಡು ಕೂರಲೇಬೇಕು.

ಕೂತವರು ಹೊರಡುವಾಗ ಗಾಡಿ ಹಿಂದಕ್ಕೆ ಜಾರಬಾರದು. ಗೇಣುದ್ದ ಜಾರಿದರೂ, ಬೆನ್ನಿಗೇ ನಿಂತಿರುವ ಗಾಡಿಯವರಿಗೆ ನಿಮ್ಮನ್ನು ಒಂದು ಪ್ರಶ್ನೆ ಕೇಳುವ ಹಕ್ಕು ಬರುತ್ತದೆ. ನೀವು ನಿಜ ಹೇಳಬೇಕು. ಹೇಳುವವರೆಗೆ ಗಾಡಿ ಮೇಲೆ ಹತ್ತುವುದಿಲ್ಲ. ಆಕ್ಸಿಲರೇಟರ್ ಎಷ್ಟು ತುಳಿದರೂ ಎಂಜಿನ್ ಅರಚುತ್ತದೆಯೇ ಹೊರತು ಚಕ್ರ ತಿರುಗುವುದಿಲ್ಲ. ಬೇಕಾದರೆ ಹಿಂದಕ್ಕೆ ಬಿಟ್ಟುಕೊಂಡು ಕೆಳಪೇಟೆಗೆ ವಾಪಸು ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಹಾಗೆ ಹೋದವರ ಮನೆಗೆ ಸಂಜೆಯೊಳಗೆ ನಾಲ್ಕು ಜನ ಸುಮ್ಮನೆ ಬಂದ್ವಿ ಎಂದು ಬಂದು ಕೂರುತ್ತಾರೆ.

ನಡೆದು ಹೋಗುವವರಿಗೆ ಈ ಕಾಟವಿಲ್ಲ. ನಮ್ಮ ಶಾಸಕರು ಯಾವಾಗಲೂ ನಡೆದೇ ಹೋಗುತ್ತಾರೆ. ಹೃದಯಕ್ಕೆ ಒಳ್ಳೆಯದು ಎನ್ನುತ್ತಾರೆ. ಉಳಿದವರು ಹೇಗೋ ಹೊಂದಿಕೊಂಡಿದ್ದೇವೆ. ಹಲ್ಲಿನ ಡಾಕ್ಟರು ಒಂದು ಸಲ ಜಾರಿದಾಗ ಹಿಂದೆ ಇದ್ದದ್ದು ಅವರದೇ ರೋಗಿ. ನನ್ನ ದವಡೆ ಹಲ್ಲು ಕೀಳಲೇಬೇಕಿತ್ತಾ ಎಂದು ಆತ ಕೇಳಿದ. ಡಾಕ್ಟರು ಮುಕ್ಕಾಲು ಗಂಟೆ ನಿಂತಿದ್ದರು. ಆಮೇಲೆ ಅವರ ಚಿಕಿತ್ಸಾಲಯ ಕೆಳಪೇಟೆಗೆ ಸ್ಥಳಾಂತರವಾಯಿತು, ರೋಗಿಗಳ ಅನುಕೂಲಕ್ಕಾಗಿ. ಇಂಥದ್ದು ನಾಲ್ಕಾರು ಆದ ಮೇಲೆ ಊರಿನಲ್ಲಿ ಒಂದು ಮರ್ಯಾದೆ ಬೆಳೆಯಿತು. ಒಳ್ಳೆಯ ಮನೆತನದವರು ಸಣ್ಣ ಪ್ರಶ್ನೆ ಮಾತ್ರ ಕೇಳುತ್ತಾರೆ. ಕಿಟಕಿಯ ಹತ್ತಿರ ಬಂದು, ತಿಂಡಿ ಏನಾಯ್ತು ಎನ್ನುತ್ತಾರೆ. ಇವರು ಉಪ್ಪಿಟ್ಟು ಎನ್ನುತ್ತಾರೆ. ಗಾಡಿ ಹೊರಡುತ್ತದೆ. ಹೀಗೆ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಯಾವತ್ತು ಏನು ತಿಂಡಿ ಎಂಬುದು ಎಲ್ಲರಿಗೂ ಗೊತ್ತು, ಬೇರೆ ಏನೂ ಗೊತ್ತಿಲ್ಲ. ಇದನ್ನೇ ನಾವು ಸೌಹಾರ್ದ ಎಂದು ಕರೆಯುತ್ತೇವೆ.

ನನಗೆ ಕಾರು ಓಡಿಸಲು ಕಲಿಸಿದವರು ಫಿಲೋಮಿನಾ ಟೀಚರ್. ಅರವತ್ತು ದಾಟಿದವರು, ಗಟ್ಟಿ ದನಿ, ಊರಿನ ಅರ್ಧದಷ್ಟು ಗುಟ್ಟುಗಳು ಉಳಿದಿರುವುದು ಅವರ ಪಾಠದಿಂದ. ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬಂದರೆ ಒಂದು ಜಾಗದಲ್ಲಿ ಗಾಡಿಯ ಮೈ ಸಣ್ಣಗೆ ನಡುಗುತ್ತದೆ, ಮೂಗು ಕೊಂಚ ಎತ್ತುತ್ತದೆ. ಅಲ್ಲಿ ಎಡಗಾಲನ್ನು ಹಿಡಿದು ನಿಲ್ಲಿಸಿ, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಆ ನಡುಕದ ಜಾಗವನ್ನು ನನ್ನ ಎಡಗಾಲು ಹದಿನಾಲ್ಕು ವರ್ಷ ಕಣ್ಣು ಮುಚ್ಚಿ ಕಂಡುಹಿಡಿದಿದೆ. ಮೇಲ್ಪೇಟೆಯ ಮುದ್ರಣಾಲಯದಲ್ಲಿ ನಾನು ಕರಡು ತಿದ್ದುವವಳು. ದಿನವಿಡೀ ಬೇರೆಯವರ ತಪ್ಪು ಹುಡುಕುವ ಕೆಲಸ, ಹಾಗಾಗಿ ನನ್ನದು ಯಾರಿಗಾದರೂ ಸಿಕ್ಕೀತೆಂಬ ಭಯ ನನಗೆ ಜಾಸ್ತಿ. ಸಿಗ್ನಲ್‌ನಲ್ಲಿ ನಿಂತ ಕೂಡಲೇ ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆ ಎಂದು ನೋಡುತ್ತೇನೆ. ಹದಿನಾಲ್ಕು ವರ್ಷದಲ್ಲಿ ನಾನು ಜಾರಿದ್ದು ಒಂದೇ ಸಲ, ಆವತ್ತು ತಿಂಡಿ ಅವಲಕ್ಕಿ.

ಅಷ್ಟು ಎಚ್ಚರಕ್ಕೆ ಈ ಸಲ ಕಾರಣವೂ ಇತ್ತು. ಬಯಲುಸೀಮೆಯ ನಗರವೊಂದರ ಶಬ್ದಕೋಶ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಎರಡು ವರ್ಷದ ಕೆಲಸ, ಬಸ್ಸಿನಲ್ಲಿ ಆರು ಗಂಟೆಯ ದಾರಿ. ಮುದ್ರಣಾಲಯದ ವಿಳಾಸ ಕೊಟ್ಟು ಅರ್ಜಿ ಹಾಕಿದ್ದೆ, ಆದೇಶವೂ ಅಲ್ಲಿಗೇ ಬಂತು. ಸೋಮವಾರ ಹಾಜರಾಗಬೇಕು. ನನ್ನ ಗಂಡ ಚಂದ್ರಚೂಡ ಅವರಿಗೆ ಹೇಳಿರಲಿಲ್ಲ.

ಇವರು ಕೆಟ್ಟವರಲ್ಲ. ಕೆಳಪೇಟೆಯ ಸಹಕಾರ ಸಂಘದ ಕಾರ್ಯದರ್ಶಿ, ಯಾರ ಮೇಲೂ ದನಿ ಎತ್ತಿದವರಲ್ಲ. ಯಾವುದಕ್ಕೂ ಬೇಡ ಎನ್ನುವವರೂ ಅಲ್ಲ. ಯೋಚಿಸೋಣ ಎನ್ನುತ್ತಾರೆ. ನನ್ನ ಎಂ.ಎ. ಹದಿನೆಂಟು ವರ್ಷದಿಂದ ಯೋಚನೆಯಲ್ಲಿದೆ. ಅಡುಗೆಮನೆಗೆ ಒಂದು ಕಿಟಕಿ ಒಡೆಸುವುದು ಅದಕ್ಕಿಂತ ಹಿಂದಿನಿಂದ ಯೋಚನೆಯಲ್ಲಿದೆ. ಈ ಕೆಲಸವನ್ನೂ ಅದೇ ಕಪಾಟಿಗೆ ಸೇರಿಸುತ್ತಾರೆಂದು ನನಗೆ ಗೊತ್ತಿತ್ತು. ಅದೂ ಪ್ರೀತಿಯಿಂದ, ನನ್ನ ತಲೆನೋವಿನ ಮಾತ್ರೆಯನ್ನು ಅವರೇ ತಂದುಕೊಡುತ್ತಾ. ಹಾಗಾಗಿ ಸರಿಯಾದ ಮಾತು ಹುಡುಕುತ್ತಿದ್ದೆ. ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದು ನೋಡುವುದು ನನ್ನ ಚಾಳಿ. ಹನ್ನೊಂದು ಕರಡು ಆಗಿತ್ತು. ಪ್ರತಿಯೊಂದರಲ್ಲೂ ಒಂದೊಂದು ಪದ ಅವರಿಗೆ ನೋವಾಗದಂತೆ ತಿದ್ದಿ ತಿದ್ದಿ, ಕೊನೆಯ ಕರಡು ಓದಿದರೆ ನಾನು ಊರು ಬಿಡುತ್ತಿದ್ದೇನೋ, ಊರಿಗೆ ಬರುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಇವರು ನನಗೊಂದು ಕಾರು ತಂದರು. ನನ್ನನ್ನು ಕೇಳಲಿಲ್ಲ, ಏಕೆಂದರೆ ಅದು ಉಡುಗೊರೆ. ಹಳೆಯ ಕಾರು ಕೊಟ್ಟು ಕ್ಲಚ್ ಇಲ್ಲದ ಹೊಸದನ್ನು ತಂದು ಬಾಗಿಲಲ್ಲಿ ನಿಲ್ಲಿಸಿ, "ಇನ್ಮೇಲೆ ಏರಲ್ಲಿ ನಿಂಗೆ ಭಯ ಬೇಡ ಹೈಮಾ, ಗೇರು ಅದೇ ನೋಡ್ಕೊಳ್ಳುತ್ತೆ" ಎಂದರು.

ಆ ವರ್ಷ ಊರಿಗೆ ಊರೇ ಹಾಗೆ ತಿಳಿದಿತ್ತು. ಆಟೊಮ್ಯಾಟಿಕ್ ಕಾರು ಬಂದ ಮೇಲೆ ನಿಜ ಹೇಳುವ ಕಾಲ ಮುಗಿಯಿತು ಎಂದು ಜನ ಕಾರಿನ ಅಂಗಡಿಯ ಮುಂದೆ ಸಾಲುಗಟ್ಟಿದರು. ಅಂಗಡಿಯ ಸುಧಾಮ ಬಹಳ ವಿನಯವಂತ. ಕ್ಲಚ್ಚಿಲ್ಲದ ಗಾಡಿಗಳಲ್ಲಿ ಎರಡು ಜಾತಿ ಎಂಬುದನ್ನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದ, ಯಾರೂ ಕೇಳಲಿಲ್ಲ. ದುಬಾರಿ ಜಾತಿಯದು ಬ್ರೇಕ್ ಬಿಟ್ಟರೆ ತಾನೇ ಮೆಲ್ಲಗೆ ಮುಂದಕ್ಕೆ ತೆವಳಲು ನೋಡುತ್ತದೆ, ಸಾಮಾನ್ಯ ಏರಿನಲ್ಲಿ ಅಷ್ಟು ಸುಲಭವಾಗಿ ಹಿಂದೆ ಸರಿಯುವುದಿಲ್ಲ. ಎಲ್ಲರೂ ಕೊಂಡದ್ದು ಇನ್ನೊಂದನ್ನು. ಅದರ ಒಳಗೆ ಇರುವುದು ಅದೇ ಹಳೆಯ ಕ್ಲಚ್ಚು, ಅದೇ ಹಳೆಯ ಗೇರು. ನಮ್ಮ ಎಡಗಾಲಿನ ಬದಲು ಒಂದು ಯಂತ್ರ ಅದನ್ನು ತುಳಿಯುತ್ತದೆ, ಅಷ್ಟೆ. ಆ ಯಂತ್ರಕ್ಕೆ ತುಳಿಯುವ ಮುಂಚೆ ಒಂದು ಕ್ಷಣ ಯೋಚಿಸುವ ಅಭ್ಯಾಸ. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಮೇಲಿಡುವಷ್ಟರಲ್ಲಿ ಅದು ಯೋಚಿಸುತ್ತಾ ಇರುತ್ತದೆ, ಗಾಡಿ ಗೇಣುದ್ದ ಹಿಂದಕ್ಕೆ ಬಂದಿರುತ್ತದೆ. ಅದನ್ನು ತಡೆಯಲು ಬ್ರೇಕನ್ನು ಎರಡು ಸೆಕೆಂಡು ತಾನೇ ಹಿಡಿದುಕೊಳ್ಳುವ ಒಂದು ಏರ್ಪಾಡು ಮೇಲಿನ ಮಾದರಿಯಲ್ಲಿತ್ತು. ಇವರು ಅದನ್ನು ಬಿಟ್ಟು ಹಿಂದಿನ ಕ್ಯಾಮೆರಾ ಇರುವ ಮಾದರಿ ಆರಿಸಿದ್ದರು. ಆ ಕ್ಯಾಮೆರಾ ರಿವರ್ಸ್ ಗೇರು ಹಾಕಿದರೆ ಮಾತ್ರ ಕಾಣಿಸುತ್ತದೆ. ಮುಂದಿನ ಗೇರಿನಲ್ಲಿ ಹಿಂದಕ್ಕೆ ಜಾರುವವರಿಗೆ ಅದರಿಂದ ಉಪಯೋಗವಿಲ್ಲ.

ಮೊದಲ ತಿಂಗಳು ಏರುರಸ್ತೆಯಲ್ಲಿ ಸತ್ಯದ ಸುಗ್ಗಿ. ಸಿಗ್ನಲ್ ಹಸಿರಾದಾಗಲೆಲ್ಲ ಹೊಸ ಹೊಸ ಕಾರುಗಳು ಒಂದರ ಹಿಂದೊಂದು ತಲೆಯಾಡಿಸಿ ಹಿಂದಕ್ಕೆ ಸರಿಯುತ್ತಿದ್ದವು. ಎರಡು ನಿಶ್ಚಿತಾರ್ಥ ಮುರಿಯಿತು. ಹೈಸ್ಕೂಲಿನ ಮುಖ್ಯೋಪಾಧ್ಯಾಯರು ತಾವೇ ಬರೆದದ್ದೆಂದು ಹೇಳಿಕೊಳ್ಳುತ್ತಿದ್ದ ಶಾಲಾಗೀತೆ ನಿಜವಾಗಿ ಯಾರದೆಂದು ಹೇಳಬೇಕಾಯಿತು. ಬುದ್ಧಿವಂತರು ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನೇ ಅಷ್ಟಿಷ್ಟು ತುಳಿದುಕೊಂಡು ಏರಿನಲ್ಲಿ ಗಾಡಿಯನ್ನು ತೂಗಿಸಿ ನಿಲ್ಲಿಸುವುದು ಕಲಿತರು. ಜಾರುವುದು ತಪ್ಪಿತು, ಒಳಗಿನ ಕ್ಲಚ್ಚು ಸುಟ್ಟಿತು. ಸುಟ್ಟ ಕ್ಲಚ್ಚಿನ ವಾಸನೆ ಬಂದರೆ ಈಗ ನಮ್ಮೂರಿನ ಪಾದಚಾರಿಗಳೂ ತಿರುಗಿ ನೋಡುತ್ತಾರೆ, ಯಾರು, ಏನು ಮುಚ್ಚಿಡುತ್ತಿದ್ದಾರೆ ಎಂದು.

ನಾನು ಮತ್ತೆ ಫಿಲೋಮಿನಾ ಟೀಚರ ಹತ್ತಿರ ಹೋದೆ. ಅವರು ಹೊಸ ಗಾಡಿಯನ್ನು ಒಂದು ಸುತ್ತು ನೋಡಿ, "ಇದು ಯೋಚನೆ ಮಾಡುವ ಗಾಡಿ. ಅದು ಯೋಚನೆ ಮಾಡುವಾಗ ನೀವು ಹಿಡಿದುಕೊಳ್ಳಬೇಕು, ಅಷ್ಟೇ ಪಾಠ" ಎಂದರು. ನಿಂತ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯುವುದು. ಹಸಿರು ಬಂದಾಗ ಆಕ್ಸಿಲರೇಟರ್ ಮೆಲ್ಲಗೆ ತುಳಿಯುವುದು. ಗಾಡಿ ಹಗ್ಗ ಕಟ್ಟಿದ ಎತ್ತಿನ ಹಾಗೆ ಮುಂದಕ್ಕೆ ಜಗ್ಗುವುದು ಮೈಗೆ ತಿಳಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸುವುದು. ಎರಡು ವಾರ ಹಾಗೇ ಮಾಡಿದೆ, ಒಂದು ಬೆರಳಿನಷ್ಟೂ ಜಾರಲಿಲ್ಲ. ಕೆಲಸವಿಲ್ಲದ ಎಡಗಾಲು ಮಾತ್ರ ಇಲ್ಲದ ಕ್ಲಚ್ಚನ್ನು ಹುಡುಕುತ್ತಾ ನೆಲ ಕೆರೆಯುತ್ತಿತ್ತು. ಒಂದು ಭಾನುವಾರ ಇವರು ನನ್ನ ಪಕ್ಕ ಕೂತಿದ್ದಾಗ ನೋಡಿ, ಆಟೊಮ್ಯಾಟಿಕ್ ಅಂದ ಮೇಲೆ ಹ್ಯಾಂಡ್‌ಬ್ರೇಕ್ ಯಾಕೆ, ಗಾಡಿಯ ಮೇಲೆ ಸ್ವಲ್ಪ ನಂಬಿಕೆ ಇಡಬೇಕು ಎಂದರು. ನಾನು ಯೋಚಿಸೋಣ ಎಂದೆ. ಅವರಿಗೆ ಅದು ತಮಾಷೆ ಎನ್ನಿಸಲಿಲ್ಲ.

ಶನಿವಾರ ಬಂತು. ಹನ್ನೆರಡನೆಯ ಕರಡು ಬರೆಯುವ ಬದಲು ನಾನು ಹೇಡಿಗಳಿಗೆ ಸಲ್ಲುವ ಒಂದು ಯೋಜನೆ ಹಾಕಿದ್ದೆ. ಬಟ್ಟೆಯ ಚೀಲ ಹಿಂದಿನ ದಿನವೇ ಡಿಕ್ಕಿಯಲ್ಲಿತ್ತು. ಎಂದಿನಂತೆ ಕೆಲಸಕ್ಕೆ ಹೊರಟು, ಕಾರನ್ನು ಮುದ್ರಣಾಲಯದ ಅಂಗಳದಲ್ಲಿ ಬಿಟ್ಟು, ಹತ್ತೂವರೆಯ ಬಸ್ಸು ಹಿಡಿಯುವುದು. ಊರು ಇಳಿದ ಮೇಲೆ ಫೋನ್ ಮಾಡಿ ಹೇಳುವುದು. ಬಯಲಿನಲ್ಲಿ ನಿಂತು ಫೋನಿನಲ್ಲಿ ಮಾತಾಡುವವರು ಎಷ್ಟು ನಿಜ ಹೇಳಬೇಕೆಂಬುದಕ್ಕೆ ಯಾವ ನಿಯಮವೂ ಇಲ್ಲ. ಬೆಳಿಗ್ಗೆ ಇಬ್ಬರೂ ಕೂತು ದೋಸೆ ತಿಂದೆವು. ಇವರು ಪೇಪರ್ ಓದಿ ಹೇಳಿದ ಸುದ್ದಿಗೆಲ್ಲ ನಾನು ಹೂಂ ಎಂದೆ. ಹೊರಡುವ ಗಡಿಬಿಡಿಯಲ್ಲಿ ಊಟದ ಡಬ್ಬಿಯನ್ನು ಮೇಜಿನ ಮೇಲೇ ಮರೆತೆ.

ಏರಿನಲ್ಲಿ ಸಿಗ್ನಲ್ ಕೆಂಪಾಯಿತು. ನಿಲ್ಲಿಸಿ ಕನ್ನಡಿ ನೋಡಿದರೆ ನನ್ನ ಹಿಂದೆ ಒಂದು ಹಳೆಯ ಸ್ಕೂಟರ್ ಬಂದು ನಿಂತಿತು. ಅದರ ಮೇಲೆ ಇವರು. ಹೆಲ್ಮೆಟ್ಟಿನೊಳಗಿಂದ ನಗುತ್ತಾ ಊಟದ ಡಬ್ಬಿಯನ್ನು ಎತ್ತಿ ತೋರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಇವರು ನನ್ನ ಊಟದ ಡಬ್ಬಿ ಹೊತ್ತುಕೊಂಡು ಬೆನ್ನು ಹತ್ತಿ ಬಂದದ್ದು ಅದೇ ಮೊದಲು. ಒಳ್ಳೆಯತನಕ್ಕೂ ಒಂದು ಹೊತ್ತು ಗೊತ್ತು ಇರಬೇಕು. ನಾನು ಕಿಟಕಿಯಿಂದ ಕೈ ಆಚೆ ಹಾಕಿ ಬೀಸಿದೆ. ಇನ್ನೊಂದು ಕೈಯಲ್ಲಿ ಬೆವರು ಒರೆಸಿಕೊಂಡೆ. ಹ್ಯಾಂಡ್‌ಬ್ರೇಕ್ ಎಳೆಯಬೇಕಾದ ಕೈ ಅದೇ. ಅಷ್ಟರಲ್ಲಿ ಹಸಿರಾಯಿತು. ಕಾಲು ಬ್ರೇಕಿನಿಂದ ಎದ್ದಿತು. ಗಾಡಿ ಯೋಚಿಸಿತು. ನಾನು ಹಿಂದಕ್ಕೆ ಬಂದೆ, ಗೇಣಲ್ಲ, ಮೊಳದಷ್ಟು. ಇವರು ಸ್ಕೂಟರನ್ನು ಕಾಲಿನಿಂದಲೇ ಪಕ್ಕಕ್ಕೆ ದೂಡಿಕೊಳ್ಳಬೇಕಾಯಿತು.

ಸ್ಟ್ಯಾಂಡ್ ಹಾಕಿ, ಡಬ್ಬಿ ಹಿಡಿದುಕೊಂಡು ನನ್ನ ಕಿಟಕಿಯ ಹತ್ತಿರ ಬಂದರು. ಅವರಿಗೆ ಆದ ಮುಜುಗರ ನನಗೆ ಕಾಣಿಸುತ್ತಿತ್ತು. ಹೆಂಡತಿಯನ್ನು ಏರಿನಲ್ಲಿ ಪ್ರಶ್ನೆ ಕೇಳುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಆದರೆ ಕೇಳದೆ ಗಾಡಿ ಹೊರಡುವುದಿಲ್ಲ. ತಿಂಡಿ ಏನು ಎನ್ನುವಂತಿಲ್ಲ, ಜೊತೆಯಲ್ಲೇ ತಿಂದಿದ್ದೇವೆ. ಊರಿನಲ್ಲಿ ಇರುವುದರಲ್ಲೇ ಸಣ್ಣ ಪ್ರಶ್ನೆ ಯಾವುದೆಂದು ಅವರು ಕೊಂಚ ಹುಡುಕಿದರು, ನನ್ನ ಮೇಲಿನ ಕರುಣೆಯಿಂದ.

"ಸಂಜೆ ಎಷ್ಟು ಹೊತ್ತಿಗೆ ಬರ್ತೀಯ?" ಎಂದರು.

ಆರೂವರೆ ಎಂದೆ. ಆಕ್ಸಿಲರೇಟರ್ ತುಳಿದೆ. ಎಂಜಿನ್ ಅರಚಿತು. ಚಕ್ರ ತಿರುಗಲಿಲ್ಲ. ಇವರ ನಗು ಇನ್ನೂ ಮುಖದಲ್ಲೇ ಇತ್ತು. ಏಳಾಗಬಹುದು, ಕರಡು ಜಾಸ್ತಿ ಇದೆ ಎಂದೆ. ಎಂಜಿನ್ ಮತ್ತೆ ಅರಚಿತು. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬುದು ನಮ್ಮೂರಿನಲ್ಲಿ ಎಲ್ಲರೂ ಪ್ರಯತ್ನಿಸಿ ನೋಡುವ ಉತ್ತರ. ಇವತ್ತಿನವರೆಗೆ ಅದು ಯಾರ ಗಾಡಿಯನ್ನೂ ಹತ್ತಿಸಿಲ್ಲ. ಇನ್ನೂ ಆಗದ ವಿಷಯಕ್ಕೆ ನಿಜವೇನು, ಸುಳ್ಳೇನು ಎಂದು ಕೇಳಬೇಡಿ. ಬ್ಯಾಂಕಿನ ಮ್ಯಾನೇಜರು ಹಾಗೆ ವಾದಿಸಿ ಒಂದು ಮಧ್ಯಾಹ್ನವಿಡೀ ಏರಿನಲ್ಲಿ ಬಿಸಿಲು ಕಾಯಿಸಿಕೊಂಡಿದ್ದರು.

ಹಿಂದೆ ನೀರಿನ ಟ್ಯಾಂಕರ್, ಅದರ ಹಿಂದೆ ಆಟೊಗಳು. ಸಿಗ್ನಲ್ ಎರಡು ಸಲ ಕೆಂಪಾಗಿ ಹಸಿರಾಯಿತು. ಒಬ್ಬ ಆಟೊದವನು ಇಳಿದು ಬಂದು, ಇವರ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಏನ್ ಕೇಳಿದ್ರಿ ಸಾರ್?" ಎಂದ. ಮನೆಗೆ ಎಷ್ಟೊತ್ತಿಗೆ ಬರ್ತೀಯ ಅಂತ ಅಷ್ಟೆ ಎಂದು ಇವರು ಹೇಳಿದರು. ಅವನು ನನ್ನನ್ನು ನೋಡಿದ, ಇವರನ್ನು ನೋಡಿದ, ತನ್ನ ಆಟೊಗೆ ವಾಪಸು ಹೋಗಿ ಎಂಜಿನ್ ಆಫ್ ಮಾಡಿದ. ಅವನ ಆ ಸೌಜನ್ಯಕ್ಕೆ ನನಗೆ ಅಳು ಬಂತು.

ಇವರ ನಗು ಆಗ ಹೋಯಿತು. ಡಿಕ್ಕಿಯ ಕಡೆ ಒಮ್ಮೆ ನೋಡಿದರು, ಮುಚ್ಚಿದ ಡಿಕ್ಕಿಯೊಳಗೆ ಏನಿದೆಯೆಂದು ಹೊರಗಿನಿಂದ ತಿಳಿಯುತ್ತದೆಂಬಂತೆ. ಆಮೇಲೆ ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ, "ಹಿಂದಕ್ಕೆ ಬಿಡು ಹೈಮಾ. ಮನೆಗೆ ಹೋಗೋಣ. ಅಲ್ಲಿ ಕೂತು ಯೋಚಿಸೋಣ" ಎಂದರು.

ಅದೂ ಆಗುತ್ತಿತ್ತು. ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಟ್ಯಾಂಕರಿನವನು ಜಾಗ ಬಿಡುತ್ತಿದ್ದ, ಗಾಡಿ ತಾನಾಗಿಯೇ ನಮ್ಮ ಮನೆಯ ಬಾಗಿಲವರೆಗೆ ಇಳಿಯುತ್ತಿತ್ತು. ಅದಕ್ಕೆ ಕ್ಲಚ್ಚೂ ಬೇಡ, ಗೇರೂ ಬೇಡ, ನಾನೂ ಬೇಕಿರಲಿಲ್ಲ. ನನ್ನ ಕಾಲು ಒಂದು ಕ್ಷಣ ಸಡಿಲವಾದದ್ದು ನಿಜ. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಎಳೆದ ಸದ್ದು ಇವರಿಗೂ ಕೇಳಿಸಿತು.

ಇವತ್ತು ಬರುವುದಿಲ್ಲ ಎಂದೆ. ಬಯಲುಸೀಮೆಯಲ್ಲಿ ಕೆಲಸ ಸಿಕ್ಕಿದೆ, ಶಬ್ದಕೋಶದ ಕೆಲಸ, ಎರಡು ವರ್ಷ, ಸೋಮವಾರ ಸೇರಬೇಕು ಎಂದೆ. ಹನ್ನೊಂದು ಕರಡುಗಳಲ್ಲಿದ್ದ ಎಲ್ಲ ಮೆದು ಪದಗಳನ್ನೂ ಬಿಟ್ಟು, ಸಾಮಾನು ಪಟ್ಟಿ ಓದುವಂತೆ ಹೇಳಿಬಿಟ್ಟೆ. ಆಕ್ಸಿಲರೇಟರ್ ತುಳಿದು ನೋಡಿದೆ. ಗಾಡಿ ಮುಂದಕ್ಕೆ ಜಗ್ಗಲೇ ಇಲ್ಲ.

"ಕೆಲ್ಸದ ವಿಷ್ಯ ನಾನು ಕೇಳ್ಲಿಲ್ಲ" ಎಂದರು ಇವರು. ದನಿ ಒಣಗಿತ್ತು. "ಯಾವಾಗ ಬರ್ತೀಯ ಅಂತ ಕೇಳಿದ್ದು."

ಪ್ರತಿ ಶನಿವಾರ ಎಂದೆ. ಎಂಜಿನ್ ಅರಚಿತು. ತಿಂಗಳಿಗೊಮ್ಮೆ ಎಂದೆ. ಅರಚಿತು. ಹಬ್ಬಕ್ಕೆ ಎಂದೆ. ಇವರು ಪ್ರತಿ ಸಲವೂ ನನ್ನ ಮುಖ ಬಿಟ್ಟು ಚಕ್ರವನ್ನೇ ನೋಡುತ್ತಿದ್ದರು, ಅದು ತಿರುಗಲಿ ಎಂದು ನನಗಿಂತ ಅವರಿಗೇ ಆಸೆ ಇದ್ದಂತೆ. ನಾನು ಸುಳ್ಳು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಶನಿವಾರ ಬರುತ್ತೇನೆ ಎಂದೇ ನಾನು ನಂಬಿದ್ದೆ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟೆ.

"ಬರಬೇಕು ಅನ್ನಿಸಿದಾಗ ಬರ್ತೀನಿ" ಎಂದೆ.

ಕಾಲು ಇಟ್ಟದ್ದಷ್ಟೆ. ಗಾಡಿ ಒಮ್ಮೆ ತಲೆಯಾಡಿಸಿತು, ಈ ಜಾತಿಯ ಗಾಡಿಗಳು ಗೇರು ಹಿಡಿಯುವಾಗ ಆಡಿಸುವ ಹಾಗೆ. ಹಗ್ಗ ಜಗ್ಗಿದಂತಾಯಿತು. ಹ್ಯಾಂಡ್‌ಬ್ರೇಕ್ ಇಳಿಸಿದೆ. ಏರು ಹತ್ತಿತು. ಇವರು ಕಿಟಕಿಯ ಜೊತೆ ಎರಡು ಹೆಜ್ಜೆ ನಡೆದು ಏನೋ ಹೇಳಿದರು. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕಾದರೆ ಮತ್ತೆ ನಿಲ್ಲಿಸಬೇಕಿತ್ತು, ಅಷ್ಟು ಕಡಿದಾದ ಜಾಗದಲ್ಲಿ ನಾನು ನಿಲ್ಲಿಸಲಿಲ್ಲ.

ಮೇಲ್ಪೇಟೆ ಶುರುವಾಗುವಲ್ಲಿ, ಬಸ್ ನಿಲ್ದಾಣದ ಮುಂದೆ, ರಸ್ತೆ ಪೂರಾ ಸಮತಟ್ಟು. ಅಲ್ಲಿ ಕಾರು ನಿಲ್ಲಿಸಿ, ಚೀಲ ಇಳಿಸಿಕೊಂಡು ಕಾದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಟ್ಯಾಂಕರ್ ಹೋಯಿತು, ಆಟೊಗಳು ಹೋದವು. ಒಬ್ಬೊಬ್ಬರೂ ನನ್ನ ಚೀಲ ನೋಡಿ, ನೋಡಲಿಲ್ಲವೆಂಬಂತೆ ಮುಂದೆ ಹೋದರು. ಕೊನೆಗೆ ಸ್ಕೂಟರ್ ಬಂತು. ಇವರು ಹೆಲ್ಮೆಟ್ ತೆಗೆಯದೆ ಊಟದ ಡಬ್ಬಿ ನನ್ನ ಕೈಗೆ ಕೊಟ್ಟರು. ನಾನು ಕಾರಿನ ಕೀ ಅವರ ಕೈಗೆ ಕೊಟ್ಟೆ. ಏರಿನಲ್ಲಿ ಏನು ಹೇಳಿದಿರಿ, ನನಗೆ ಕೇಳಿಸಲಿಲ್ಲ ಎಂದೆ.

ಅವರು ಬಸ್ಸುಗಳ ಕಡೆ ನೋಡಿದರು. "ನಂಗೇನೂ ಬೇಜಾರಿಲ್ಲ, ಹೋಗಿ ಬಾ ಅಂದೆ" ಎಂದರು.

ಅಭ್ಯಾಸಬಲದಿಂದ ನನ್ನ ಕಣ್ಣು ಸ್ಕೂಟರಿನ ಚಕ್ರಕ್ಕೆ ಹೋಯಿತು. ಸಮತಟ್ಟು ನೆಲದಲ್ಲಿ ಚಕ್ರ ಏನನ್ನೂ ಹೇಳುವುದಿಲ್ಲ. ಇವರೂ ಅದನ್ನೇ ನೋಡುತ್ತಿದ್ದರು. ಆಮೇಲೆ ನಾನು, "ಸಂತೋಷ" ಎಂದೆ.